ಬೆನ್ನುಹುರಿಗೂ ಪಾಠ ಹೇಳಿಕೊಡಬಹುದು

ಅಮೆರಿಕದ ನರವಿಜ್ಞಾನಿ ಕಿಮ್ ಆಂಡರ್ಸನ್ 2004ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿದರು. ಬೆನ್ನುಹುರಿಗೆ ಪೆಟ್ಟು ಬಿದ್ದು ಕೈಕಾಲುಗಳ ಸ್ವಾಧೀನ ಕಳೆದುಕೊಂಡ 681 ಜನರಿಗೆ ಅವರು ಹಾಕಿದ ಮುಖ್ಯ ಪ್ರಶ್ನೆ ಒಂದೇ: ಹೋದದ್ದರಲ್ಲಿ ಯಾವುದು ಮರಳಿ ಬಂದರೆ ನಿಮ್ಮ ಬದುಕು ಎಲ್ಲಕ್ಕಿಂತ ಹೆಚ್ಚು ಸುಧಾರಿಸುತ್ತದೆ? ಆಂಡರ್ಸನ್ ಸ್ವತಃ ಹದಿಹರೆಯದಲ್ಲೇ ಕುತ್ತಿಗೆಯ ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದವರು. ಏನು ಕೇಳಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಕುತ್ತಿಗೆಗೆ ಪೆಟ್ಟಾಗಿ ನಾಲ್ಕೂ ಅಂಗಗಳ ಬಲ ಕಳೆದುಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನ ಮೊದಲು ಕೇಳಿದ್ದು ಕೈಗಳನ್ನು. ಸೊಂಟದ ಕೆಳಗೆ ಮಾತ್ರ ಸ್ವಾಧೀನ ತಪ್ಪಿದವರು ಮೊದಲ ಸ್ಥಾನ ಕೊಟ್ಟದ್ದು ಲೈಂಗಿಕ ಬದುಕಿಗೆ. ಮೂತ್ರ ಮತ್ತು ಮಲವಿಸರ್ಜನೆಯ ಮೇಲಿನ ಹಿಡಿತ ಎರಡೂ ಗುಂಪಿನವರ ಪಟ್ಟಿಯಲ್ಲಿ ಮೇಲೆಯೇ ಇತ್ತು. ಎಲ್ಲರೂ ಮೊದಲು ಕಾಲನ್ನೇ ಕೇಳುತ್ತಾರೆ ಎಂಬುದು ಹೊರಗಿನವರಾದ ನಮ್ಮ ಊಹೆ. ಅದು ಆ ಪಟ್ಟಿಯಲ್ಲಿ ತಲೆಕೆಳಗಾಯಿತು.

ನಡೆಯುವ ಆಸೆ ಅವರಿಗಿಲ್ಲ ಎಂದು ಇದರ ಅರ್ಥವಲ್ಲ. ಆದರೆ ತುತ್ತನ್ನು ತಾನೇ ಬಾಯಿಗಿಟ್ಟುಕೊಳ್ಳುವುದು, ಯಾರನ್ನೂ ಕರೆಯದೆ ಬಚ್ಚಲಿಗೆ ಹೋಗಿಬರುವುದು, ಮದುವೆ ಮನೆಯಲ್ಲಿ ಕೂತಿರುವಾಗ ಬಟ್ಟೆ ಒದ್ದೆಯಾದೀತೆಂಬ ಭಯವಿಲ್ಲದಿರುವುದು, ಇವು ಇಲ್ಲದೆ ನಾಲ್ಕು ಹೆಜ್ಜೆ ನಡೆದೂ ಏನು ಪ್ರಯೋಜನ ಎಂದು ಅವರು ಕೇಳುತ್ತಿದ್ದಾರೆ. ಕಳೆದ ಹದಿನೈದು ವರ್ಷಗಳಲ್ಲಿ ಈ ಕ್ಷೇತ್ರದಲ್ಲಿ ಆಗಿರುವ ಕೆಲಸ ನಿಜಕ್ಕೂ ದೊಡ್ಡದು. ಟಿವಿಯಲ್ಲಿ ಬರುವುದು ಮಾತ್ರ ಎದ್ದು ನಿಂತವರ ವಿಡಿಯೊ. ಆ ವಿಡಿಯೊದ ಹಿಂದೆ ಏನಿದೆ, ಅದರಾಚೆ ಇನ್ನೇನು ನಡೆಯುತ್ತಿದೆ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಮಲೆನಾಡಿನ ಅಡಿಕೆ ತೋಟಕ್ಕೂ ಇದಕ್ಕೂ ನೇರ ಸಂಬಂಧವಿದೆ.

ಬೆನ್ನುಹುರಿ ಎಂದರೆ ಮಿದುಳಿನಿಂದ ಸೊಂಟದ ತನಕ ಎಳೆದ ಕರೆಂಟಿನ ತಂತಿ, ತಂತಿ ತುಂಡಾದರೆ ದೀಪ ಆರಿದಂತೆ ಎಂದೇ ಬಹಳ ಕಾಲ ವೈದ್ಯರೂ ರೋಗಿಗಳೂ ತಿಳಿದಿದ್ದರು. ಪ್ರಾಚೀನ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್ಸಿನಲ್ಲಿ ಈ ಪೆಟ್ಟು ಚಿಕಿತ್ಸೆಗೆ ನಿಲುಕದ್ದು ಎಂದು ಬರೆದಿದೆ. ಆಧುನಿಕ ನರವಿಜ್ಞಾನದ ಮೂಲಪುರುಷ, ಸ್ಪೇನಿನ ಸಾಂತಿಯಾಗೊ ರಮೊನ್ ಇ ಕಹಾಲ್ ಕೂಡ ವಯಸ್ಕರ ಮಿದುಳು ಮತ್ತು ಬೆನ್ನುಹುರಿಯ ನರಗಳು ಮತ್ತೆ ಬೆಳೆಯುವುದಿಲ್ಲ ಎಂದೇ ತೀರ್ಮಾನಿಸಿದ್ದರು. ತುಂಡಾದ ನರ ಸುಲಭಕ್ಕೆ ಕೂಡುವುದಿಲ್ಲ ಎಂಬ ಮಾತು ಇಂದಿಗೂ ಬಹುಮಟ್ಟಿಗೆ ನಿಜ. ಸುಳ್ಳಾದದ್ದು ಆ ತಂತಿಯ ಕಲ್ಪನೆ.

ಸುಮಾರು 45 ಸೆಂಟಿಮೀಟರ್ ಉದ್ದದ, ಕಿರುಬೆರಳಿನ ದಪ್ಪದ ಈ ಹುರಿಯೊಳಗೆ ಸ್ವಂತ ಲೆಕ್ಕಾಚಾರ ಮಾಡುವ ನರಕೋಶಗಳ ಜಾಲಗಳಿವೆ. 1911ರಲ್ಲಿ ಥಾಮಸ್ ಗ್ರಹಾಂ ಬ್ರೌನ್ ಬೆಕ್ಕುಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಮಿದುಳಿನ ಸಂಪರ್ಕ ಕಡಿದ ಮೇಲೂ ಬೆನ್ನುಹುರಿ ತಾನಾಗಿ ಹೆಜ್ಜೆಯ ಲಯವನ್ನು ಹುಟ್ಟಿಸಬಲ್ಲದು ಎಂದು ಕಂಡಿತು. ಯಾವ ಸ್ನಾಯು ಎಷ್ಟು ಹೊತ್ತು ಬಿಗಿಯಬೇಕು, ಎದುರಿನದ್ದು ಯಾವಾಗ ಸಡಿಲಬೇಕು ಎಂಬ ವಿವರವನ್ನೆಲ್ಲ ಮಿದುಳು ಹೆಜ್ಜೆಹೆಜ್ಜೆಗೂ ಹೇಳುತ್ತ ಕೂರುವುದಿಲ್ಲ. ಅದು ಹೊರಡು, ನಿಲ್ಲು, ತಿರುಗು ಎಂದರೆ ಉಳಿದದ್ದನ್ನು ಸೊಂಟದ ಮಟ್ಟದ ಜಾಲ ನೋಡಿಕೊಳ್ಳುತ್ತದೆ. 1987ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಬಾರ್ಬೊ ಮತ್ತು ರೊಸಿನ್ಯೊಲ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಬೆನ್ನುಹುರಿ ಪೂರ್ತಿ ಕಡಿದ ವಯಸ್ಕ ಬೆಕ್ಕುಗಳಿಗೆ ಟ್ರೆಡ್‌ಮಿಲ್ ಮೇಲೆ ವಾರಗಟ್ಟಲೆ ಅಭ್ಯಾಸ ಮಾಡಿಸಿದಾಗ ಅವುಗಳ ಹಿಂಗಾಲುಗಳು ಮತ್ತೆ ಹೆಜ್ಜೆ ಹಾಕಿದವು.

ಇದಾದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ರೆಜಿ ಎಡ್ಗರ್ಟನ್ ಅವರ ಪ್ರಯೋಗಾಲಯ ಕಂಡುಕೊಂಡ ಸಂಗತಿ ನನಗೆ ಈ ಇಡೀ ಚರಿತ್ರೆಯಲ್ಲೇ ಅತ್ಯಂತ ಮುಖ್ಯವಾಗಿ ಕಾಣುತ್ತದೆ. ಬೆನ್ನುಹುರಿ ಕಡಿದ ಬೆಕ್ಕುಗಳಲ್ಲಿ ಕೆಲವಕ್ಕೆ ನಿಲ್ಲುವ ಅಭ್ಯಾಸ ಮಾತ್ರ ಕೊಟ್ಟರು, ಕೆಲವಕ್ಕೆ ಹೆಜ್ಜೆ ಹಾಕುವ ಅಭ್ಯಾಸ ಮಾತ್ರ. ನಿಲ್ಲಲು ಕಲಿತವು ಚೆನ್ನಾಗಿ ನಿಂತವು, ಹೆಜ್ಜೆ ಮಾತ್ರ ಸರಿಯಾಗಿ ಹಾಕಲಾರದಾದವು. ಹೆಜ್ಜೆ ಕಲಿತವು ಹೆಜ್ಜೆ ಹಾಕಿದವು. ಮಿದುಳಿನ ನೆರವೇ ಇಲ್ಲದ ಆ ಹುರಿ ಯಾವುದನ್ನು ಹೇಳಿಕೊಟ್ಟರೋ ಅದನ್ನಷ್ಟೇ ಕಲಿತಿತ್ತು. ಅಂದರೆ ಅದಕ್ಕೆ ಕಲಿಯುವ ಶಕ್ತಿ ಇದೆ. ಇಂದಿನ ನರ ಪುನಶ್ಚೇತನದ ಎಲ್ಲ ಯಂತ್ರ, ತಂತ್ರ, ಇಂಪ್ಲಾಂಟುಗಳೂ ನಿಂತಿರುವುದು ಈ ತಳಪಾಯದ ಮೇಲೆ.

ಮನುಷ್ಯರಲ್ಲಿ ಬರೀ ಅಭ್ಯಾಸ ಸಾಕಾಗಲಿಲ್ಲ. ಪೆಟ್ಟು ತೀವ್ರವಾಗಿದ್ದರೆ ಕೆಳಗಿನ ಜಾಲ ಮಂಕಾಗಿಬಿಡುತ್ತದೆ, ಅಂಗಾಲಿನಿಂದ ಬರುವ ಸುದ್ದಿಗೆ ಓಗೊಡುವಷ್ಟೂ ಚುರುಕು ಅದಕ್ಕಿರುವುದಿಲ್ಲ. 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವರದಿ ಅಲ್ಲಿಂದ ದಾರಿ ತೋರಿಸಿತು. ಅಮೆರಿಕದ ಲೂಯಿವಿಲ್‌ನಲ್ಲಿ ಸೂಸನ್ ಹಾರ್ಕೆಮಾ, ಎಡ್ಗರ್ಟನ್ ಮತ್ತು ಸಂಗಡಿಗರು ಚಿಕಿತ್ಸೆ ಕೊಟ್ಟದ್ದು ವಾಹನ ಬಡಿದು ಎದೆಯ ಕೆಳಗೆ ಚಲನೆ ಕಳೆದುಕೊಂಡ ಒಬ್ಬ ಯುವಕನಿಗೆ. ಮೊದಲು 26 ತಿಂಗಳಲ್ಲಿ 170 ಸಲ ಟ್ರೆಡ್‌ಮಿಲ್ ಅಭ್ಯಾಸ ಮಾಡಿಸಿದರು, ಏನೂ ಬದಲಾಗಲಿಲ್ಲ. ಆಮೇಲೆ ಸೊಂಟದ ಭಾಗದ ಬೆನ್ನುಹುರಿಯ ಹೊರಪೊರೆಯ ಮೇಲೆ 16 ಎಲೆಕ್ಟ್ರೋಡುಗಳ ಒಂದು ಪಟ್ಟಿ ಇಟ್ಟು, ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸುತ್ತ ಅದೇ ಅಭ್ಯಾಸ ಮುಂದುವರಿಸಿದರು. ಯುವಕ ತನ್ನ ಮೈಭಾರ ತಾನೇ ಹೊತ್ತು ನಿಂತ. ತಿಂಗಳುಗಳು ಕಳೆದ ಮೇಲೆ, ವಿದ್ಯುತ್ ಹಾಯುತ್ತಿರುವಷ್ಟು ಹೊತ್ತು, ಹೇಳಿದಾಗ ಕಾಲನ್ನು ತಾನಾಗಿ ಮಡಿಸಿದ. ಮೂತ್ರದ ಹಿಡಿತ, ಲೈಂಗಿಕ ಕ್ರಿಯೆ, ಮೈಶಾಖದ ಸಮತೋಲನ ಕೂಡ ಸ್ವಲ್ಪ ಸುಧಾರಿಸಿದವು. ಅವರು ಬಳಸಿದ್ದು ದೀರ್ಘಕಾಲದ ನೋವಿಗೆಂದು ಮೊದಲೇ ಮಾರುಕಟ್ಟೆಯಲ್ಲಿದ್ದ ಸಾಧನ.

ಇಲ್ಲೊಂದು ತಪ್ಪು ತಿಳಿವಳಿಕೆ ಸಾಮಾನ್ಯ. ಕರೆಂಟು ಕೊಟ್ಟು ಸ್ನಾಯುವನ್ನು ಕುಣಿಸುತ್ತಾರೆ ಎಂದು ಜನ ಭಾವಿಸುತ್ತಾರೆ. ನಡೆಯುವುದು ಅದಲ್ಲ. ಆ ವಿದ್ಯುತ್ ಮುಖ್ಯವಾಗಿ ತಟ್ಟುವುದು ಕಾಲಿನಿಂದ ಸಂವೇದನೆ ಹೊತ್ತು ತರುವ ದಪ್ಪ ನರಗಳನ್ನು, ಅವು ಬೆನ್ನುಹುರಿಯನ್ನು ಹೊಕ್ಕುವ ಜಾಗದಲ್ಲಿ. ಅವುಗಳ ಮೂಲಕ ಮಂಕಾದ ಜಾಲ ಎಚ್ಚರಗೊಳ್ಳುತ್ತದೆ, ಕೆಲಸಕ್ಕೆ ಸಿದ್ಧವಾಗುತ್ತದೆ. ಪೂರ್ಣ ಪೆಟ್ಟು ಎಂದು ವೈದ್ಯರು ಬರೆದುಕೊಟ್ಟ ಎಷ್ಟೋ ಜನರಲ್ಲಿ ಗಾಯವನ್ನು ದಾಟಿಹೋಗುವ ಒಂದಿಷ್ಟು ನರತಂತುಗಳು ಉಳಿದೇ ಇರುತ್ತವೆ. ಸಾಮಾನ್ಯ ಸ್ಥಿತಿಯಲ್ಲಿ ಅವುಗಳ ಕ್ಷೀಣ ಮಾತು ಕೆಳಗೆ ಕೇಳಿಸದು. ಜಾಲ ಎಚ್ಚರವಾಗಿದ್ದರೆ ಕೇಳಿಸುತ್ತದೆ. ಆ ಯುವಕ ತನ್ನ ಇಚ್ಛೆಯಂತೆ ಕಾಲು ಮಡಿಸಿದ್ದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ ಇದು.

2018 ಈ ಕ್ಷೇತ್ರದ ಸುಗ್ಗಿಯ ವರ್ಷ. ಲೂಯಿವಿಲ್, ಅಮೆರಿಕದ ಮೇಯೊ ಕ್ಲಿನಿಕ್ ಮತ್ತು ಸ್ವಿಟ್ಜರ್ಲೆಂಡಿನ ಲೋಸಾನ್ ಮೂರೂ ಕಡೆಯಿಂದ ಕೆಲವೇ ವಾರಗಳ ಅಂತರದಲ್ಲಿ ವರದಿಗಳು ಬಂದವು. ಲೂಯಿವಿಲ್‌ನ ನಾಲ್ವರಲ್ಲಿ ಇಬ್ಬರು ಆಸರೆಯ ಸಾಧನಗಳ ನೆರವಿನಿಂದ ನೆಲದ ಮೇಲೆ ನಡೆದರು. ಪತ್ರಿಕೆಗಳು ಇಷ್ಟನ್ನು ಬರೆದು ಬಿಟ್ಟವು. ಮೂಲ ವರದಿಯಲ್ಲಿ ಇನ್ನೆರಡು ಸಂಗತಿಗಳಿವೆ. ಒಬ್ಬರು ಆ ಹಂತ ತಲುಪಲು 85 ವಾರಗಳಲ್ಲಿ 278 ಸಲ ತರಬೇತಿ ಪಡೆಯಬೇಕಾಯಿತು, ಇನ್ನೊಬ್ಬರು 15 ವಾರಗಳಲ್ಲಿ 81 ಸಲ. ತರಬೇತಿಯ ವೇಳೆ ಒಬ್ಬರ ಸೊಂಟದ ಮೂಳೆ ಮುರಿಯಿತು. ವರ್ಷಗಟ್ಟಲೆ ಭಾರ ಹೊರದ ಕಾಲಿನ ಮೂಳೆ ಟೊಳ್ಳಾಗಿರುತ್ತದೆ. ಅದನ್ನು ಅವಸರದಿಂದ ನಿಲ್ಲಿಸಿದರೆ ಹೀಗಾಗುವ ಅಪಾಯ ಇದ್ದೇ ಇದೆ. ನಮ್ಮಲ್ಲಿ ಮನೆಯವರೇ ರೋಗಿಯ ಎರಡೂ ಕಂಕುಳಿಗೆ ಕೈಕೊಟ್ಟು ಬಲವಂತವಾಗಿ ನಡೆಸಲು ಹೋಗುತ್ತಾರೆ. ಅವರಿಗೆ ಈ ಒಂದು ಸಾಲು ತಲುಪಿದರೂ ಸಾಕು.

ಲೋಸಾನ್‌ನಲ್ಲಿ ಗ್ರೆಗೊಯರ್ ಕೂರ್ಟಿನ್ ಮತ್ತು ಶಸ್ತ್ರವೈದ್ಯೆ ಜೋಸೆಲಿನ್ ಬ್ಲಾಕ್ ಬೇರೆ ಹಾದಿ ಹಿಡಿದಿದ್ದರು. ಇಲಿಗಳಲ್ಲಿ ನಿರಂತರ ವಿದ್ಯುತ್ ಹಾಯಿಸಿದರೆ ನಡೆಯುತ್ತಿದ್ದವು. ಮನುಷ್ಯರಲ್ಲಿ ಅದು ಅಷ್ಟು ಚೆನ್ನಾಗಿ ಒಗ್ಗಲಿಲ್ಲ. ಏಕೆಂದು ಹುಡುಕಿದಾಗ ಸಿಕ್ಕ ಉತ್ತರ ಸೊಗಸಾಗಿದೆ. ಕಣ್ಣು ಮುಚ್ಚಿಕೊಂಡರೂ ನಮ್ಮ ಮೊಣಕಾಲು ಮಡಿಸಿದೆಯೋ ನೀಡಿದೆಯೋ ಎಂದು ನಮಗೆ ಗೊತ್ತಾಗುತ್ತದಲ್ಲ, ಆ ಸುದ್ದಿ ಬರುವುದೂ ಅದೇ ದಪ್ಪ ನರಗಳ ಮೂಲಕ. ಹೊರಗಿನ ವಿದ್ಯುತ್ ಬಿಡುವಿಲ್ಲದೆ ಅಲ್ಲಿ ಹಾಯುತ್ತಿದ್ದರೆ ಕಾಲಿನ ಸುದ್ದಿ ದಾರಿಯಲ್ಲೇ ಅಳಿಸಿಹೋಗುತ್ತದೆ. ಸಾಧನ ಚಾಲೂ ಆಗಿರುವಾಗ ರೋಗಿಗಳಿಗೆ ತಮ್ಮ ಕಾಲು ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ಇಲಿಯ ಪುಟ್ಟ ದೇಹದಲ್ಲಿ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ. ಹಾಗಾಗಿ ತೊಡೆ ಎತ್ತಬೇಕಾದ ಕ್ಷಣಕ್ಕೆ ತೊಡೆಗೆ ಸಂಬಂಧಿಸಿದ ಜಾಗಕ್ಕೆ, ಪಾದ ಊರುವ ಕ್ಷಣಕ್ಕೆ ಅದರ ಜಾಗಕ್ಕೆ ಎಂದು ಚಿಕ್ಕ ಚಿಕ್ಕ ಅಲೆಗಳಲ್ಲಿ ವಿದ್ಯುತ್ ಕೊಡತೊಡಗಿದರು. ನಾಲ್ಕು ವರ್ಷಕ್ಕೂ ಹಿಂದೆ ಪೆಟ್ಟಾಗಿದ್ದ ಮೂವರು ಒಂದು ವಾರದೊಳಗೆ ಮೈಭಾರಕ್ಕೆ ಆಧಾರ ಪಡೆದು ಹೆಜ್ಜೆ ಹಾಕಿದರು. ತಿಂಗಳುಗಳ ತರಬೇತಿಯ ನಂತರ ಸಾಧನ ಆರಿಸಿದಾಗಲೂ ಕೆಲವು ಸ್ನಾಯುಗಳು ಅವರ ಮಾತು ಕೇಳಿದವು.

ಅದೇ ತಂಡ 2023ರ ಮೇ ತಿಂಗಳಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ ಜಗತ್ತಿನಾದ್ಯಂತ ಸುದ್ದಿಯಾಯಿತು. ನೆದರ್ಲೆಂಡ್ಸಿನ ವ್ಯಕ್ತಿಯೊಬ್ಬರ ತಲೆಬುರುಡೆಯಲ್ಲಿ ಮಿದುಳಿನ ಮೇಲ್ಭಾಗದ ಸಂಕೇತ ಓದುವ ಎರಡು ಇಂಪ್ಲಾಂಟುಗಳನ್ನು ಕೂರಿಸಿ, ಆ ಸಂಕೇತವನ್ನು ತಂತಿಯಿಲ್ಲದೆ ಸೊಂಟದ ಸಾಧನಕ್ಕೆ ಮುಟ್ಟಿಸಿದರು. ಅವರು ಕಾಲೆತ್ತಬೇಕೆಂದುಕೊಂಡರೆ ಸಾಕು, ಸರಿಯಾದ ಜಾಗಕ್ಕೆ ಸರಿಯಾದ ಕ್ಷಣದಲ್ಲಿ ವಿದ್ಯುತ್ ಹೋಗುತ್ತಿತ್ತು. ಮೆಟ್ಟಿಲು ಹತ್ತಿದರು, ಏರುತಗ್ಗಿನಲ್ಲಿ ನಡೆದರು. ಸುಮಾರು 40 ತರಬೇತಿಗಳ ನಂತರ ಸಾಧನ ನಿಲ್ಲಿಸಿದಾಗಲೂ ಊರುಗೋಲಿನಲ್ಲಿ ನಡೆಯುವಷ್ಟು ಚೇತರಿಸಿದ್ದರು. ಸುದ್ದಿಗಾರರೆದುರು ಅವರು ಹೇಳಿಕೊಂಡದ್ದು ಒಂದು ಪುಟ್ಟ ಸಂಗತಿ. ಮನೆಯಲ್ಲಿ ಏನಕ್ಕೋ ಬಣ್ಣ ಹಚ್ಚಬೇಕಿತ್ತು, ನೆರವಿಗೆ ಯಾರೂ ಇರಲಿಲ್ಲ. ವಾಕರ್ ಹಿಡಿದು ಹೋಗಿ, ಎದ್ದು ನಿಂತು ತಾವೇ ಹಚ್ಚಿದರು. ನನ್ನ ಮಟ್ಟಿಗೆ ಮೆಟ್ಟಿಲು ಹತ್ತಿದ್ದಕ್ಕಿಂತ ಇದು ದೊಡ್ಡದು.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಈ ವರದಿಗಳಲ್ಲಿ ಒಬ್ಬರು, ಮೂವರು, ನಾಲ್ವರು ಇದ್ದಾರೆ. ಶಸ್ತ್ರಚಿಕಿತ್ಸೆ ಬೇಕು, ದುಬಾರಿ ಸಾಧನ ಬೇಕು, ಪ್ರತಿಯೊಬ್ಬರ ಬೆನ್ನುಹುರಿಗೂ ಸಾಧನವನ್ನು ಬೇರೆ ಬೇರೆಯಾಗಿ ಹೊಂದಿಸುವ ಎಂಜಿನಿಯರುಗಳು ಬೇಕು. ಬೆಂಗಳೂರಿನ ಆಸ್ಪತ್ರೆಗೆ ನಾಳೆಯೇ ಬಂದು ಇದನ್ನು ಕೇಳುವ ಹಾಗಿಲ್ಲ. ವಿಡಿಯೊ ವಾಟ್ಸ್ಯಾಪಿನಲ್ಲಿ ಹರಿದಾಡಿದ ದಿನ ಮನೆಗಳಲ್ಲಿ ಹುಟ್ಟುವ ಆಸೆ ಎಂಥದೆಂದು ಬಲ್ಲವರು ಈ ಸಂಖ್ಯೆಯನ್ನೂ ಜೊತೆಗೇ ಹೇಳುವ ಹೊಣೆ ಹೊರಬೇಕು.

ಈಗ ಕೈಯ ವಿಷಯಕ್ಕೆ ಬರುತ್ತೇನೆ. ಕುತ್ತಿಗೆಯ ಆರನೆಯ ನರದ ಮಟ್ಟದಲ್ಲಿ ಪೆಟ್ಟಾದವರನ್ನು ಹತ್ತಿರದಿಂದ ಗಮನಿಸಿ. ಬೆರಳುಗಳಿಗೆ ಬಲವಿಲ್ಲ, ಮಣಿಕಟ್ಟನ್ನು ಮಾತ್ರ ಮೇಲಕ್ಕೆ ಎತ್ತಬಲ್ಲರು. ಮಣಿಕಟ್ಟು ಮೇಲೆದ್ದಾಗ ಬೆರಳ ಸ್ನಾಯುರಜ್ಜುಗಳು ಎಳೆದಂತಾಗಿ ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತವೆ, ಹೆಬ್ಬೆರಳು ತೋರುಬೆರಳಿನ ಪಕ್ಕಕ್ಕೆ ಬಂದು ಒತ್ತುತ್ತದೆ. ಕೆಳಗೆ ಬಿಟ್ಟರೆ ಬಿಚ್ಚಿಕೊಳ್ಳುತ್ತವೆ. ಈ ಸಣ್ಣ ಉಪಾಯದಿಂದ ಅವರು ಚಪಾತಿಯ ಚೂರು ಎತ್ತುತ್ತಾರೆ, ಅಂಗೈಗೆ ಕಟ್ಟಿದ ಪಟ್ಟಿಗೆ ಚಮಚ ಸಿಕ್ಕಿಸಿಕೊಂಡು ಅನ್ನ ಉಣ್ಣುತ್ತಾರೆ, ಮೊಬೈಲ್ ಹಿಡಿಯುತ್ತಾರೆ. ಇದು ಗೊತ್ತಿಲ್ಲದ ಮನೆಯವರು ಕೈ ಸೆಟೆದುಹೋದೀತೆಂದು ಮಣಿಕಟ್ಟನ್ನೂ ಬೆರಳುಗಳನ್ನೂ ಒಟ್ಟಿಗೇ ಹಿಂದಕ್ಕೆ ಬಗ್ಗಿಸಿ ದಿನವೂ ಎಳೆಯುತ್ತಾರೆ. ಆ ರಜ್ಜುಗಳು ಸಡಿಲಾದರೆ ಈ ಹಿಡಿತವೂ ಹೋಗುತ್ತದೆ. ತಿಳಿದ ಫಿಸಿಯೋಥೆರಪಿಸ್ಟ್ ಮೊದಲ ವಾರದಲ್ಲೇ ಇದನ್ನು ತಡೆಯುತ್ತಾರೆ.

ಅಪ್-ಲಿಫ್ಟ್ ಎಂಬ ಪ್ರಯೋಗದ ಫಲಿತಾಂಶ 2024ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. ನಡೆಯುವ ವಿಡಿಯೊಗಳಷ್ಟು ಸದ್ದು ಮಾಡದಿದ್ದರೂ ನನಗೆ ಹೆಚ್ಚು ಭರವಸೆ ಕೊಟ್ಟದ್ದು ಇದೇ. ಇದರಲ್ಲಿ ಶಸ್ತ್ರಚಿಕಿತ್ಸೆ ಇಲ್ಲ. ಕುತ್ತಿಗೆಯ ಹಿಂಭಾಗದ ಚರ್ಮದ ಮೇಲೆ ಎಲೆಕ್ಟ್ರೋಡುಗಳನ್ನು ಅಂಟಿಸಿ, ವಿದ್ಯುತ್ ಕೊಡುತ್ತಲೇ ಕೈಯ ಕೆಲಸಗಳನ್ನು ಮಾಡಿಸುತ್ತಾರೆ. ಅಮೆರಿಕ, ಯುರೋಪ್ ಮತ್ತು ಕೆನಡಾದ 14 ಕೇಂದ್ರಗಳಲ್ಲಿ 60 ಜನ ಇದನ್ನು ಪೂರ್ತಿಗೊಳಿಸಿದರು. ಕೆಲವರಿಗೆ ಪೆಟ್ಟಾಗಿ ದಶಕಗಳೇ ಕಳೆದಿದ್ದವು, ಒಬ್ಬರಿಗಂತೂ 34 ವರ್ಷ. ಪ್ರಯೋಗದ ಕ್ರಮವನ್ನೂ ಜಾಣತನದಿಂದ ಹೆಣೆದಿದ್ದರು. ಮೊದಲ ಎರಡು ತಿಂಗಳು ಬರೀ ತರಬೇತಿ, ಬಳಿಕ ಎರಡು ತಿಂಗಳು ಅದೇ ತರಬೇತಿಯ ಜೊತೆಗೆ ವಿದ್ಯುತ್. ಹೀಗಾಗಿ ತರಬೇತಿಯಿಂದ ಬಂದದ್ದೆಷ್ಟು, ವಿದ್ಯುತ್ತಿನಿಂದ ಸೇರಿದ್ದೆಷ್ಟು ಎಂದು ಬೇರ್ಪಡಿಸಿ ನೋಡಬಹುದಾಗಿತ್ತು. ಕೊನೆಯಲ್ಲಿ ಶೇಕಡಾ 72 ಜನರಲ್ಲಿ ಕೈಯ ಬಲ ಮತ್ತು ಬಳಕೆ ಎರಡೂ ಸುಧಾರಿಸಿದ್ದವು. ಚಿಕಿತ್ಸೆಗೆ ಸಂಬಂಧಿಸಿದ ಗಂಭೀರ ತೊಂದರೆ ಯಾರಿಗೂ ಆಗಲಿಲ್ಲ. ಹುಸಿ ವಿದ್ಯುತ್ ಕೊಟ್ಟು ಹೋಲಿಸಿ ನೋಡುವ ಗುಂಪು ಇರಲಿಲ್ಲ ಎಂಬುದು ಅದರ ಕೊರತೆ, ಮರೆಯಬಾರದು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಸಾಧನಕ್ಕೆ ಒಪ್ಪಿಗೆ ಕೊಟ್ಟಿತು.

ಮೂವತ್ತು ವರ್ಷ ಮುದುಡಿದ್ದ ಕೈ ಒಂದಿಷ್ಟು ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಸ್ವಲ್ಪ ಯೋಚಿಸಿ. ಪೆಟ್ಟಾಗಿ ಒಂದು ವರ್ಷ ದಾಟಿದರೆ ಇನ್ನು ಏನೂ ಆಗುವುದಿಲ್ಲ ಎಂದು ನಮ್ಮ ಎಷ್ಟು ಆಸ್ಪತ್ರೆಗಳಲ್ಲಿ ಹೇಳಿ ಕಳಿಸುತ್ತಾರೆ! ಮೊದಲ ತಿಂಗಳುಗಳಲ್ಲಿ ಚೇತರಿಕೆ ಹೆಚ್ಚು ಎಂಬುದು ಸರಿ. ಆಮೇಲೆ ಬಾಗಿಲು ಮುಚ್ಚಿತು ಎಂಬುದು ಸರಿಯಲ್ಲ.

ಉಸಿರಾಟದ ಗಾಳಿಯಲ್ಲಿ ಆಮ್ಲಜನಕ ಕಡಿಮೆ ಮಾಡುವ ಇನ್ನೊಂದು ವಿಧಾನವಿದೆ, ಕೇಳಿದರೆ ಅಚ್ಚರಿಯಾಗುತ್ತದೆ. ಒಂದೂವರೆ ನಿಮಿಷ ಸುಮಾರು ಶೇಕಡಾ 9 ಆಮ್ಲಜನಕದ ಗಾಳಿ, ಒಂದು ನಿಮಿಷ ಮಾಮೂಲಿ ಗಾಳಿ, ಹೀಗೆ ದಿನಕ್ಕೆ 15 ಸಲ. ಅಲ್ಪಾವಧಿಯ ಈ ಕೊರತೆ ಬೆನ್ನುಹುರಿಯಲ್ಲಿ ಸಿರೊಟೊನಿನ್ ಮೂಲಕ ನರಗಳ ಕೊಂಡಿಗಳನ್ನು ಬಲಪಡಿಸುವ ಪ್ರೊಟೀನನ್ನು ಹೆಚ್ಚಿಸುತ್ತದೆ ಎಂದು ಗಾರ್ಡನ್ ಮಿಚೆಲ್ ಮತ್ತು ಸಂಗಡಿಗರು ಮೊದಲು ಪ್ರಾಣಿಗಳಲ್ಲಿ ತೋರಿಸಿದರು. 2014ರಲ್ಲಿ ನ್ಯೂರಾಲಜಿ ಪತ್ರಿಕೆಯಲ್ಲಿ ಬಂದ 19 ಜನರ ಪ್ರಯೋಗದಲ್ಲಿ, ಇದರ ಜೊತೆ ನಡಿಗೆಯ ಅಭ್ಯಾಸ ಮಾಡಿದವರ ನಡಿಗೆಯ ಸಾಮರ್ಥ್ಯ ಹೆಚ್ಚಿತು. ಇಲ್ಲೂ ಗಾಳಿಯೊಂದೇ ಅಲ್ಲ, ಜೊತೆಗೆ ಅಭ್ಯಾಸ. ಇದನ್ನು ಮನೆಯಲ್ಲಿ ಯಾರೂ ಪ್ರಯತ್ನಿಸಕೂಡದು, ಅಳತೆ ತಪ್ಪಿದರೆ ಪ್ರಾಣಕ್ಕೆ ಅಪಾಯ.

ಅರಿವಿಗೆ ಬಾರದ ಕೆಲಸಗಳ ಕಡೆಗೂ ಸಂಶೋಧನೆ ತಿರುಗಿದೆ. ಎದೆಯ ಮೇಲ್ಭಾಗದಲ್ಲಿ ಅಥವಾ ಕುತ್ತಿಗೆಯಲ್ಲಿ ಪೆಟ್ಟಾದವರಿಗೆ ಹಾಸಿಗೆಯಿಂದ ಕೂರಿಸಿದೊಡನೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆ ಬರುತ್ತದೆ. ಕೂರಲೇ ಆಗದವರಿಗೆ ಕೈಯ ತರಬೇತಿ ಎಲ್ಲಿಂದ? 2021ರಲ್ಲಿ ಲೋಸಾನ್ ಮತ್ತು ಕೆನಡಾದ ಸಂಶೋಧಕರು ಬೆನ್ನುಹುರಿಯ ಕೆಳ ಎದೆಯ ಭಾಗಕ್ಕೆ ವಿದ್ಯುತ್ ಕೊಟ್ಟು ಒತ್ತಡವನ್ನು ಹದದಲ್ಲಿ ಹಿಡಿಯಬಹುದೆಂದು ನೇಚರ್ ಪತ್ರಿಕೆಯಲ್ಲಿ ತೋರಿಸಿದರು. ಇದರ ತದ್ವಿರುದ್ಧದ ಅಪಾಯವೂ ಇದೇ ಜನರಿಗಿದೆ. ಮೂತ್ರದ ಪೈಪು ಕಟ್ಟಿಕೊಂಡು ಮೂತ್ರಕೋಶ ಉಬ್ಬಿದರೆ ರಕ್ತದೊತ್ತಡ ಥಟ್ಟನೆ ಏರಿ, ತಲೆ ಸಿಡಿಯುವಂತೆ ನೋಯುತ್ತದೆ, ಮುಖ ಕೆಂಪೇರಿ ಬೆವರುತ್ತದೆ. ತಡಮಾಡಿದರೆ ಪಾರ್ಶ್ವವಾಯು ಆಗಬಹುದು. ಅಂಥ ಹೊತ್ತಿನಲ್ಲಿ ರೋಗಿಯನ್ನು ಮಲಗಿಸಬಾರದು. ಎಬ್ಬಿಸಿ ಕೂರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಪೈಪು ಮಡಚಿದೆಯೇ ನೋಡಿ, ಆಸ್ಪತ್ರೆಗೆ ಹೊರಡಬೇಕು.

ಈ ಮೂತ್ರಕೋಶ, ಈ ಹಾಸಿಗೆ ಹುಣ್ಣು, ಇವೇ ಒಂದು ಕಾಲದಲ್ಲಿ ಇವರನ್ನು ಕೊಲ್ಲುತ್ತಿದ್ದವು. ಪೆಟ್ಟಿನಿಂದ ಉಳಿದವರು ಸೋಂಕು ತಗುಲಿ, ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದರು. ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ವೈದ್ಯ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಇಂಥವರ ವಾರ್ಡು ತೆರೆದು, ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಶಿಸ್ತು ತಂದರು. ಹಾಸಿಗೆಯಿಂದ ಎಬ್ಬಿಸಿ ಕೆಲಸಕ್ಕೆ, ಆಟಕ್ಕೆ ಹಚ್ಚಿದರು. 1948ರಲ್ಲಿ ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ ಅವರು ಗಾಲಿಕುರ್ಚಿಯಲ್ಲಿ ಕೂತವರಿಗಾಗಿ ನಡೆಸಿದ ಬಿಲ್ಲುಗಾರಿಕೆ ಸ್ಪರ್ಧೆಯೇ ಬೆಳೆದು ಪ್ಯಾರಾಲಿಂಪಿಕ್ಸ್ ಆಯಿತು. ನಮ್ಮಲ್ಲಿ ಈ ಕೆಲಸಕ್ಕೆ ಅಡಿಪಾಯ ಹಾಕಿದವರು ವೆಲ್ಲೂರಿನ ಡಾ. ಮೇರಿ ವರ್ಗೀಸ್. 1954ರ ವಾಹನ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಅವರು, ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ನ್ಯೂಯಾರ್ಕಿನಲ್ಲಿ ಪುನಶ್ಚೇತನ ವೈದ್ಯಕೀಯ ಕಲಿತು ಬಂದರು. 1966ರಲ್ಲಿ ವೆಲ್ಲೂರಿನಲ್ಲಿ ಪುನಶ್ಚೇತನ ಕೇಂದ್ರ ತೆರೆಯಿತು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಜನ ಬೆನ್ನುಹುರಿಯ ಪೆಟ್ಟಿನೊಂದಿಗೆ ಬದುಕುತ್ತಿದ್ದಾರೆ. ಶ್ರೀಮಂತ ದೇಶಗಳಲ್ಲಿ ಕಾರು ಅಪಘಾತ ದೊಡ್ಡ ಕಾರಣ. ನಮ್ಮ ದೇಶದಲ್ಲಿ ರಸ್ತೆ ಅಪಘಾತದ ಜೊತೆಗೆ ಎತ್ತರದಿಂದ ಬೀಳುವುದೂ ಅಷ್ಟೇ ದೊಡ್ಡ ಕಾರಣ. ಕಟ್ಟುತ್ತಿರುವ ಕಟ್ಟಡ, ಕೈಪಿಡಿ ಗೋಡೆಯಿಲ್ಲದ ತಾರಸಿ, ತೆಂಗಿನ ಮರ, ಮಲೆನಾಡು ಮತ್ತು ಕರಾವಳಿಯಲ್ಲಿ ಅಡಿಕೆ ಮರ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯಲು, ಆಮೇಲೆ ಅಡಿಕೆ ಕೊನೆ (ಗೊನೆ) ಇಳಿಸಲು, ಕೊನೆಗೌಡರೆಂಬ ಮರ ಹತ್ತುವ ಕೆಲಸಗಾರರು ಪಾಚಿ ಕಟ್ಟಿದ ಮರ ಏರಬೇಕು. ಕಾಲಿಗೊಂದು ತಳೆ, ಅಷ್ಟೇ ಆಧಾರ. ಒಂದು ಮರದ ತುದಿಯಿಂದ ಪಕ್ಕದ ಮರಕ್ಕೆ ಜೀಕಿ ದಾಟುವ ಅವರ ಕೌಶಲ ನೋಡಿ ಬೆರಗಾದವರು ಅನೇಕರಿದ್ದಾರೆ. ಬಿದ್ದವರ ಮನೆಗೆ ಮಾರನೆಯ ವರ್ಷ ಹೋಗಿ ನೋಡಿದವರು ಕಡಿಮೆ. ಈಚೆಗೆ ನೆಲದಲ್ಲೇ ನಿಂತು ಬಳಸುವ ಫೈಬರ್ ದೋಟಿಗಳು ಬಂದಿವೆ. ತೋಟದ ಮಾಲೀಕರು ಅದಕ್ಕೆ ಹಾಕುವ ಹಣವನ್ನು ಖರ್ಚೆಂದು ಎಣಿಸಬಾರದು.

ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ, ಮಡಚಿ, ಆಟೊದಲ್ಲಿ ಕೂರಿಸಿಕೊಂಡು ಹೋಗುವುದು ನಮ್ಮ ರೂಢಿ. ಮೂಳೆ ಮಾತ್ರ ಮುರಿದಿದ್ದ ಬೆನ್ನಿನಲ್ಲಿ ಹುರಿಯೂ ನಜ್ಜುಗುಜ್ಜಾಗುವುದು ಹೀಗೆ. ನಾಲ್ಕು ಜನ ಸೇರಿ, ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಒಟ್ಟಿಗೆ ಹೊರಳಿಸಿ, ಹಲಗೆಯ ಮೇಲೆ ಮಲಗಿಸಿ, ಕುತ್ತಿಗೆಯ ಎರಡೂ ಪಕ್ಕಕ್ಕೆ ಸುತ್ತಿದ ಬಟ್ಟೆ ಇಟ್ಟು ಸಾಗಿಸಬೇಕು. 108ಕ್ಕೆ ಕರೆ ಮಾಡಿ, ಅದು ಬರುವ ತನಕ ಅಲುಗಾಡಿಸದೆ ಇರುವುದು ಇನ್ನೂ ಒಳ್ಳೆಯದು. ಯಾವ ಇಂಪ್ಲಾಂಟೂ ಮರಳಿ ಕೊಡಲಾರದಷ್ಟನ್ನು ಈ ಅರ್ಧ ಗಂಟೆ ಉಳಿಸಬಲ್ಲದು.

ಆಮೇಲೆ ಬರುತ್ತಾರೆ ಸ್ಟೆಮ್ ಸೆಲ್ ಹೆಸರಿನಲ್ಲಿ ಲಕ್ಷಗಟ್ಟಲೆ ಕೇಳುವವರು. ಗದ್ದೆ ಮಾರಿ, ಮಗಳ ಮದುವೆಯ ದುಡ್ಡು ಸುರಿದು ಚುಚ್ಚಿಸಿಕೊಳ್ಳುವ ಮನೆಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತ ಸಂಬಂಧಿ ಕಾಯಿಲೆಗಳಂಥ ಕೆಲವು ಅಂಗೀಕೃತ ಚಿಕಿತ್ಸೆ ಬಿಟ್ಟರೆ ಉಳಿದದ್ದಕ್ಕೆ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಪ್ರಯೋಗಗಳಲ್ಲಿ ಮಾತ್ರ. ಪ್ರಯೋಗಕ್ಕೆ ಒಳಗಾಗುವವರಿಂದ ಹಣ ವಸೂಲಿ ಮಾಡುವ ಹಾಗಿಲ್ಲ. ಜಪಾನಿನ ಕೇಯೊ ವಿಶ್ವವಿದ್ಯಾಲಯ ನಾಲ್ವರ ಮೇಲೆ ಮಾಡಿದ ಸ್ಟೆಮ್ ಸೆಲ್ ಪ್ರಯೋಗದಲ್ಲಿ ಇಬ್ಬರು ಸುಧಾರಿಸಿದ್ದಾರೆಂದು 2025ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಅಂಥವರೂ ಇದನ್ನು ಸುರಕ್ಷತೆ ಪರೀಕ್ಷಿಸುವ ಮೊದಲ ಹಂತ ಎಂದೇ ಕರೆಯುತ್ತಿರುವಾಗ, ಖಾತರಿ ಕೊಟ್ಟು ರಸೀದಿ ಹರಿಯುವವರನ್ನು ನಂಬಬಾರದು.

ಹಾಗಾದರೆ ನಮ್ಮ ಕೈಗೆ ನಿಲುಕುವುದು ಏನು? ಇದಕ್ಕೆ 2006ರ ಒಂದು ಪ್ರಯೋಗ ಒಳ್ಳೆಯ ಉತ್ತರ ಕೊಡುತ್ತದೆ. ಬ್ರೂಸ್ ಡಾಬ್ಕಿನ್ ನೇತೃತ್ವದಲ್ಲಿ, ಹೊಸದಾಗಿ ಭಾಗಶಃ ಪೆಟ್ಟಾದ 146 ಜನರನ್ನು ಎರಡು ಗುಂಪು ಮಾಡಿ 12 ವಾರ ತರಬೇತಿ ಕೊಟ್ಟರು. ಒಂದು ಗುಂಪಿಗೆ ಮೈಯನ್ನು ಮೇಲಿನಿಂದ ತೂಗುಹಾಕುವ ದುಬಾರಿ ಟ್ರೆಡ್‌ಮಿಲ್, ಇನ್ನೊಂದಕ್ಕೆ ನೆಲದ ಮೇಲೆಯೇ ಅಷ್ಟೇ ತೀವ್ರವಾದ, ಅಷ್ಟೇ ಕ್ರಮಬದ್ಧವಾದ ಅಭ್ಯಾಸ. ಎರಡೂ ಗುಂಪಿನ ಫಲಿತಾಂಶದಲ್ಲಿ ವ್ಯತ್ಯಾಸ ಬರಲಿಲ್ಲ, ಮತ್ತು ಎರಡರಲ್ಲೂ ವೈದ್ಯರ ನಿರೀಕ್ಷೆಗಿಂತ ಹೆಚ್ಚು ಜನ ನಡೆದರು. ಯಂತ್ರವಿಲ್ಲದ ಆಸ್ಪತ್ರೆಗಳಿಗೆ ಇದಕ್ಕಿಂತ ಸಮಾಧಾನದ ಸುದ್ದಿ ಬೇಕೆ? ಸಮಾನಾಂತರ ಕಂಬಿಗಳು, ಅಗಲವಾದ ಒಂದು ಮಂಚ, ಬೆನ್ನುಹುರಿ ಪೆಟ್ಟಿನಲ್ಲಿ ನುರಿತ ಫಿಸಿಯೋಥೆರಪಿಸ್ಟ್ ಮತ್ತು ಆಕ್ಯುಪೇಷನಲ್ ಥೆರಪಿಸ್ಟ್, ಮೂತ್ರಕೋಶದ ಆರೈಕೆ ಬಲ್ಲ ನರ್ಸ್, ಮನೆಯಿಂದ ಬರುವವರಿಗೆ ಬಸ್ ಖರ್ಚು. ಜಿಲ್ಲಾ ಆಸ್ಪತ್ರೆಗೆ ಇವು ಮೀರಿದ ಬಯಕೆಗಳಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ನರ ಪುನಶ್ಚೇತನ ವಿಭಾಗವಿದೆ. 1959ರಲ್ಲಿ ಎನ್.ಎಸ್. ಹೇಮಾ ಕಟ್ಟಿದ ಅಂಗವಿಕಲರ ಸಂಸ್ಥೆ ಎಪಿಡಿ ಬೆನ್ನುಹುರಿ ಪೆಟ್ಟಾದವರ ಪುನರ್ವಸತಿಯನ್ನೂ ನಡೆಸುತ್ತದೆ. ಶಿರಸಿಯಿಂದಲೋ ತೀರ್ಥಹಳ್ಳಿಯಿಂದಲೋ ತಿಂಗಳುಗಟ್ಟಲೆ ಬಂದಿರಲು ಎಷ್ಟು ಮನೆಗಳಿಗೆ ಸಾಧ್ಯ? ಲೂಯಿವಿಲ್‌ನ ಆ 278 ತರಬೇತಿಗಳನ್ನು ನಮ್ಮಲ್ಲಿ ಕೊಡಬೇಕಾದದ್ದು ತಾಲ್ಲೂಕಿನಲ್ಲಿ.

ಆ ದಿನ ಬರುವ ತನಕ, ಆಸ್ಪತ್ರೆಯಿಂದ ಬಿಡುಗಡೆಯಾಗುವ ಹೊತ್ತಿಗೆ ಮನೆಯವರು ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಹೆಸರಿನ ಕೆಳಗೆ ಇವನ್ನೂ ಕೇಳಿ ಬರೆಸಿಕೊಳ್ಳಬೇಕು: ಪೆಟ್ಟು ಯಾವ ಮಟ್ಟದಲ್ಲಿದೆ, ಪೂರ್ಣವೋ ಭಾಗಶಃವೋ, ಕ್ಯಾತಿಟರ್ (ಮೂತ್ರದ ಪೈಪು) ಎಷ್ಟು ಗಂಟೆಗೊಮ್ಮೆ ಹಾಕಬೇಕು, ಅದನ್ನು ರೋಗಿಯೇ ಮಾಡಿಕೊಳ್ಳಲು ಯಾರು ಕಲಿಸುತ್ತಾರೆ, ಕುರ್ಚಿಯಲ್ಲಿ ಕೂತಾಗ ಎಷ್ಟು ನಿಮಿಷಕ್ಕೊಮ್ಮೆ ಮೈಯೆತ್ತಿ ಒತ್ತಡ ಇಳಿಸಬೇಕು, ಯಾವ ದಿಂಬು ಬಳಸಬೇಕು, ಬೆರಳುಗಳನ್ನು ಹೇಗೆ ಮಡಿಸಬೇಕು, ಹೇಗೆ ಮಡಿಸಬಾರದು, ಮುಂದಿನ ತರಬೇತಿ ಎಲ್ಲಿ, ಯಾವ ದಿನ, ಯಾರ ಬಳಿ.